ಮುದುಕಿಯನ್ನು ಕೇಳಿ ಬರುತ್ತೇವೆ

ದಾರ ಹರಿಯಲಿಲ್ಲ. ಗಿರಿಜಾದೇವಿ ಅದನ್ನು ಎರಡು ಬೆರಳಿಗೆ ಸುತ್ತಿಕೊಂಡು ಮತ್ತೊಮ್ಮೆ ಜಗ್ಗಿದರು. ಸ್ಯಾಟಿನ್ ದಿಂಬಿನ ಮೇಲಿದ್ದ ಗಂಡನ ತಲೆ ತುಸು ಅಲುಗಿ, ಎದುರಿನವರ ವಾದ ಒಪ್ಪದವರ ಹಾಗೆ ಒಂದು ಬದಿಗೆ ವಾಲಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಳಗೆ, ಎಡ ಹೆಗಲಿನಿಂದ ಬಲ ಪಕ್ಕೆಗೆ, ಅರಿಷಿಣ ಹಚ್ಚಿದ ಹೊಚ್ಚಹೊಸ ಜನಿವಾರ. ಪ್ರೊಫೆಸರ್ ಚಂದ್ರಶೇಖರಪ್ಪನವರ ಮೈಮೇಲೆ ಇಂಥದೊಂದು ದಾರ ಬಿದ್ದದ್ದು ಇದೇ ಮೊದಲು. ಅದೂ ಬೇಡ ಅನ್ನಲು ಬಾಯಿ ಇಲ್ಲದಾದ ಮೇಲೆ.

"ಇದನ್ನ ಯಾರು ಹಾಕಿದ್ರಿ?"

ಬದರೀನಾಥ ಮುಂದೆ ಬಂದ. ನ್ಯೂಜೆರ್ಸಿಯ ಕನ್ನಡ ಸಂಘದಲ್ಲಿ ಸಾವಿನ ಕೆಲಸಗಳ ಉಸ್ತುವಾರಿ ಅವನದು. ವಾರವೆಲ್ಲ ಒಂದು ಟೆಲಿಫೋನ್ ಕಂಪನಿಯಲ್ಲಿ, ಹೊಸ ಸಹಸ್ರಮಾನ ಬರುವ ರಾತ್ರಿ ಕಂಪ್ಯೂಟರುಗಳು ಕೆಟ್ಟು ಕೂರದಂತೆ ನೋಡಿಕೊಳ್ಳುವ ತಂಡವನ್ನು ದುಡಿಸುತ್ತಿದ್ದ. ಯಾರಾದರೂ ತೀರಿಕೊಂಡರೆ ಅದನ್ನೂ ಅದೇ ಅಚ್ಚುಕಟ್ಟಿನಲ್ಲಿ ಮಾಡಿ ಮುಗಿಸುತ್ತಿದ್ದ. ಸೊಂಟದಲ್ಲಿ ಪೇಜರ್. ಕಾಲ ಬಳಿ ರಟ್ಟಿನ ಪೆಟ್ಟಿಗೆ, ಅದರೊಳಗೆ ದರ್ಭೆ, ಎಳ್ಳು, ಗಂಗಾಜಲದ ಗಿಂಡಿ, ಜನಿವಾರದ ಪೊಟ್ಟಣ.

"ಕಿಟ್‌ನಲ್ಲೇ ಬರತ್ತೆ ಆಂಟಿ. ನಾವು ಎಲ್ಲರಿಗೂ ಹಾಕ್ತೀವಿ."

"ನಾವು ಲಿಂಗಾಯತರು."

"ಗೊತ್ತು ಆಂಟಿ. ನೀವೂ ಪ್ಯೂರ್ ವೆಜ್ಜೇ ಅಲ್ವಾ, ಅದಕ್ಕೇ ಡಿಫರೆನ್ಸ್ ಏನೂ ಇರಲ್ಲ ಅಂದ್ಕೊಂಡ್ವಿ."

ಗಿರಿಜಾದೇವಿ ಗಂಡನ ಎದೆಯ ಮೇಲೆ ಬಾಗಿ, ದಾರವನ್ನು ಹಲ್ಲಿನಲ್ಲಿ ಹಿಡಿದು ಕಡಿದರು. ಮೂಗಿಗೆ ಸೆಂಟಿನ ವಾಸನೆ, ಅದರ ಕೆಳಗೆ ಔಷಧದ ವಾಸನೆ. ಗಂಡನ ಮೈವಾಸನೆ ಎಲ್ಲೂ ಇರಲಿಲ್ಲ. ಹಿಂದಿನ ಸಾಲುಗಳಲ್ಲಿ ಕೂತವರಿಗೆ ಹೆಂಡತಿ ಗಂಡನ ಮೇಲೆ ಬಿದ್ದು ಅಳುತ್ತಿರುವಂತೆ ಕಂಡಿತು. ಯಾರೋ ಟಿಶ್ಯೂ ಡಬ್ಬಿ ತಂದು ಪಕ್ಕದಲ್ಲಿ ಹಿಡಿದರು. ಅವರು ತಲೆ ಎತ್ತಿದಾಗ ಕಣ್ಣು ಒಣಗಿತ್ತು, ಕೆಳತುಟಿಗೆ ಅರಿಷಿಣದ ಗೆರೆ ಹತ್ತಿತ್ತು. ಟಿಶ್ಯೂವಿನಿಂದ ಅದನ್ನು ಒರೆಸಿಕೊಂಡು, ಹರಿದ ದಾರವನ್ನು ಬದರೀನಾಥನ ಅಂಗೈಯಲ್ಲಿಟ್ಟರು.

"ನಿಮ್ಮ ಪೆಟ್ಟಿಗ್ಯಾಗ ಇಟ್ಕೋರಿ. ನಮಗ ಬ್ಯಾಡ."

ಸಿಟ್ಟು ಬೆಳಿಗ್ಗೆಯೇ ಹತ್ತಿಕೊಂಡಿತ್ತು. ಕಾರಿನಲ್ಲಿ ಬರುವಾಗ ಮಗ ಶಶಿಧರ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ್ದ, ಸರ್ವಿಸ್ ಮುಗಿದ ಕೂಡಲೇ ಕ್ರಿಮೇಷನ್, ದೂರ ಹೋಗಬೇಕಿಲ್ಲ, ಎಲ್ಲ ಒಂದೇ ಕಡೆ ಇದೆ. ಇತ್ತು. ಸ್ಮಶಾನದ ಒಳಗೇ ಚಾಪೆಲ್, ಅದರ ಹಿಂದೆ ಮೋಟು ಚಿಮಣಿ, ಮುಂದೆ ಕಣ್ಣು ಹಾಯುವಷ್ಟು ದೂರ ಹುಲ್ಲು ಮತ್ತು ಗೋರಿಕಲ್ಲು. ಆಸ್ಪತ್ರೆಯಲ್ಲಿ ಶಶಿ ಬೆರಳಿಟ್ಟು ತೋರಿಸಿದಲ್ಲೆಲ್ಲ ಅವರು ಸಹಿ ಮಾಡಿದ್ದರು. ಅದರಲ್ಲಿ ಗಂಡನನ್ನು ಸುಡುವುದಕ್ಕೆ ಒಪ್ಪಿಗೆಯೂ ಇತ್ತೆಂದು ಈಗ ತಿಳಿಯಿತು.

ಅವರ ಮನೆತನದಲ್ಲಿ ಯಾರನ್ನೂ ಸುಟ್ಟಿರಲಿಲ್ಲ. ಹಸಿಗೂಸುಗಳಿಂದ ಹಿಡಿದು ಹಣ್ಣಾದ ಮುದುಕರವರೆಗೆ ಎಲ್ಲರೂ ಮಣ್ಣಿಗೇ ಹೋದವರು, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು, ಕೂತ ಭಂಗಿಯಲ್ಲಿ, ಕೊರಳವರೆಗೆ ವಿಭೂತಿ ಸುರಿಸಿಕೊಂಡು. ಚಂದ್ರಶೇಖರಪ್ಪ ಅಮೆರಿಕಕ್ಕೆ ಬಂದ ಮೊದಲ ಚಳಿಗಾಲದಲ್ಲೇ ಲಿಂಗವನ್ನು ಕೊರಳಿಂದ ತೆಗೆದಿಟ್ಟಿದ್ದರು. ಗಿರಿಜಾದೇವಿ ಅದನ್ನು ಬೆಳ್ಳಿಯ ಕರಡಿಗೆಯಲ್ಲಿ ಕಾದಿಟ್ಟಿದ್ದರು. ಈಗ ಅದು ಅವರ ಕೈಚೀಲದಲ್ಲಿತ್ತು. ಲಿಂಗವನ್ನು ಬೆಂಕಿಗೆ ಹೇಗೆ ಹಾಕುತ್ತಾರೆ?

ಮಾರಿಸ್‌ಟೌನಿನಿಂದ ಬಂದ ಹಳೆಯ ಗೆಳತಿ ಕಮಲವ್ವ ಪಕ್ಕದಲ್ಲಿ ಕೂತು ಬೆನ್ನು ನೇವರಿಸಿದಳು. "ಬಿಡು ಗಿರಿಜಕ್ಕಾ. ಈ ದೇಶದಾಗ ಕುಂದರಿಸಿ ಮಣ್ಣ ಮಾಡಾಕ ಯಾರ ಬಿಡ್ತಾರ? ಇಲ್ಲಿ ನಮ್ಮ ಮಂದಿ ಎಲ್ಲಾರೂ ಬೂದಿನ."

"ಕುಂದರಸೂದು ಬ್ಯಾಡ, ಮಲಗಸ್ಲಿ. ಆದರ ಮಣ್ಣಾಗ ಮಲಗಸ್ಲಿ."

"ಶಶೀಗೆ ಹೇಳಿದ್ಯಾ?"

ಹೇಳಿದ್ದರು. ಅವನು ಗಡಿಯಾರ ನೋಡಿಕೊಂಡಿದ್ದ. ಅವನ ಕಂಪನಿ ಷೇರು ಮಾರುಕಟ್ಟೆಗೆ ಇಳಿಯುವ ವಾರ ಇದು. ಸೋಮವಾರ ಅವನು ಕ್ಯಾಲಿಫೋರ್ನಿಯಾದಲ್ಲಿರಬೇಕು. ಎಲ್ಲ ಫೈನಲೈಜ್ ಆಗಿದೆ ಅಮ್ಮ, ಅಂದಿದ್ದ.

*

ಮುದುಕಿಯ ಕತೆಯನ್ನು ಚಂದ್ರಶೇಖರಪ್ಪ ಮೊದಲ ಸಲ ಹೇಳಿದ್ದು ಕೆಂಡಲ್ ಪಾರ್ಕಿನ ಮನೆಯ ಊಟದ ಮೇಜಿನ ಮುಂದೆ. ಆಗ ಶಶಿ ಇನ್ನೂ ತೊಟ್ಟಿಲಲ್ಲಿದ್ದ. ಅವರು ಬೇಸಿಗೆಯನ್ನೆಲ್ಲ ಘಾನಾ ದೇಶದಲ್ಲಿ, ಕುಮಾಸಿ ಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಕಳೆದು ಬಂದಿದ್ದರು. ಊರಿನ ಜನ ತಮ್ಮ ಊರನ್ನು ತಾವೇ ಹೇಗೆ ಆಳಿಕೊಳ್ಳುತ್ತಾರೆ ಎಂಬುದು ಅವರ ವಿಷಯ. ಸಭೆ ನಡೆಯುವ ಮರದ ಕೆಳಗೆ ಎಲ್ಲರಿಗಿಂತ ಹಿಂದೆ ಕೂತು, ಬಾಯಿ ಬಿಚ್ಚದೆ, ದಿನಗಟ್ಟಲೆ ಕೇಳುವುದು ಅವರ ರೀತಿ. ಬರುವಾಗ ಅವರ ಬೂಟು, ಸಾಕ್ಸು, ಪ್ಯಾಂಟಿನ ಅಂಚು ಎಲ್ಲ ಅಲ್ಲಿನ ಮಣ್ಣಿನಿಂದ ಕೆಂಪು. ಗಿರಿಜಾದೇವಿ ಬೂಟನ್ನು ಗ್ಯಾರೇಜಿನಲ್ಲೇ ಬಿಡಿಸುತ್ತಿದ್ದರು. ಮನೆಯಲ್ಲಿ ಕೆನೆಬಣ್ಣದ ಕಾರ್ಪೆಟ್ ಇತ್ತು. ಸಾಕ್ಸು ನೆನೆಸಿದ ನೀರು ಜಾಜು ಕದಡಿದಂತಾಗುತ್ತಿತ್ತು.

ಅಂದು ಊಟಕ್ಕೆ ವಿಭಾಗದ ಮುಖ್ಯಸ್ಥರೂ ಇನ್ನಿಬ್ಬರು ಸಹೋದ್ಯೋಗಿಗಳೂ ಬಂದಿದ್ದರು. ಅಲ್ಲಿನ ಹಿರಿಯರು ಒಂದು ನ್ಯಾಯ ತೀರ್ಮಾನಿಸುವ ಮೊದಲು ಎದ್ದು ಹೊರಗೆ ಹೋಗುತ್ತಾರೆ, ಎಂದು ಚಂದ್ರಶೇಖರಪ್ಪ ಶುರು ಮಾಡಿದರು. ಎಲ್ಲಿಗೆ ಎಂದು ಕೇಳಿದರೆ 'ಮುದುಕಿಯನ್ನು ಕೇಳಿ ಬರುತ್ತೇವೆ' ಅನ್ನುತ್ತಾರೆ. ಹೊರಗೆ ನಿಜವಾಗಿ ಒಬ್ಬ ಮುದುಕಿ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಅವಳನ್ನು ಕೇಳದೆ ತೀರ್ಮಾನ ಹೇಳುವ ಎದೆ ಯಾವ ಮುಖಂಡನಿಗೂ ಇಲ್ಲ. ಸರಕಾರಗಳು ಮರೆತದ್ದು ಇಷ್ಟೇ, ಮುದುಕಿಯನ್ನು ಕೇಳುವುದನ್ನು.

ಅತಿಥಿಗಳು ಚಮಚ ಕೆಳಗಿಟ್ಟು ಕೇಳಿದರು. ಗಿರಿಜಾದೇವಿ ಸಾರಿನ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. ಅವರಿಗೂ ಇಷ್ಟವಾಯಿತು. ನವಲಗುಂದದ ಕಡೆಯ ತಮ್ಮ ಅಜ್ಜಿಯ ನೆನಪಾಯಿತು. ಅದೇ ಕತೆಯನ್ನು ಪ್ರಬಂಧವಾಗಿ ಬರೆದದ್ದಕ್ಕೆ ಚಂದ್ರಶೇಖರಪ್ಪನವರಿಗೆ ಕಾಯಂ ಹುದ್ದೆ ಸಿಕ್ಕಿತು. ಅವರು ಬರೆದದ್ದರಲ್ಲಿ ಜನ ನೆನಪಿಟ್ಟದ್ದು ಅದೊಂದನ್ನೇ.

ಅಂದು ರಾತ್ರಿ ಅತಿಥಿಗಳ ಕಾರು ಗಲ್ಲಿಯಿಂದ ಹೊರಬೀಳುವ ಮೊದಲೇ ಚಂದ್ರಶೇಖರಪ್ಪ ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ನಕ್ಕು ಹೇಳಿದರು, "ಮುಂದಿನ ತಿಂಗಳ ಕುಮಾಸಿಗೆ ಹೊರಡೂದು. ಎರಡು ವರ್ಷ. ಮೂವರದೂ ಟಿಕೆಟ್ ಆಗ್ಯಾವ."

ಗಿರಿಜಾದೇವಿ ಆ ವಸಂತದಲ್ಲಷ್ಟೇ ಊರಿನ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ್ದರು. ಮಕ್ಕಳ ವಿಭಾಗದ ಬೀಗದಕೈ ಅವರ ಸೆರಗಿನ ತುದಿಯಲ್ಲಿತ್ತು.

"ನನ್ನ ಕೆಲಸ?"

"ಬಂದ ಮ್ಯಾಲೆ ಮತ್ತ ಸಿಗತೈತಿ ತಗೋ."

ಸಿಗಲಿಲ್ಲ.

*

ಚಾಪೆಲಿನಲ್ಲಿ ಮಾತುಗಳು ಶುರುವಾದವು. ಬದರೀನಾಥ ಮೈಕು ಹಿಡಿದು 'ನಮ್ಮೆಲ್ಲರ ಪ್ರೀತಿಯ ಆಫ್ರಿಕಾ ಅಂಕಲ್' ಎಂದ. ವಿಶ್ವಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದರು ಎಂದೂ ಸೇರಿಸಿದ. ಚಂದ್ರಶೇಖರಪ್ಪ ಆ ಬ್ಯಾಂಕಿನ ಮೆಟ್ಟಿಲನ್ನು ಹತ್ತಿದ್ದು ಜಗಳಕ್ಕೆ ಮಾತ್ರ. ಇನ್ನೊಬ್ಬ ತರುಣ, ಅಂಕಲ್ ನಮ್ಮ ಮಕ್ಕಳ ಭಾಷಣ ಸ್ಪರ್ಧೆಗೆ ತೀರ್ಪುಗಾರರಾಗಿ ಬರುತ್ತಿದ್ದರು, ಪಾರ್ಕಿಂಗ್ ಸಿಗದಿದ್ದರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ಎಂದ. ನಡುವೆ ಎರಡು ಸಲ ಯಾರದೋ ಪೇಜರ್ ಕೂಗಿತು. ಹಿಂದಿನ ಸಾಲಿನಲ್ಲಿ ಇಬ್ಬರು ಷೇರಿನ ಬೆಲೆ ಪಿಸುಗುಟ್ಟುತ್ತಿದ್ದುದು ಗಿರಿಜಾದೇವಿಯ ಕಿವಿಗೆ ಬೀಳುತ್ತಿತ್ತು. ಒಬ್ಬನದು ದುಪ್ಪಟ್ಟಾಗಿತ್ತಂತೆ.

ಕೊನೆಗೆ ಎದ್ದವಳು ಅಬೆನಾ. ಕುಮಾಸಿಯವಳು, ಚಂದ್ರಶೇಖರಪ್ಪನವರ ವಿದ್ಯಾರ್ಥಿನಿ, ಈಗ ಅವರದೇ ವಿಭಾಗದಲ್ಲಿ ಪಾಠ ಹೇಳುವವಳು. ಬಿಳಿ ಕುರ್ತಾಗಳ ನಡುವೆ ಅವಳೊಬ್ಬಳೇ ಕಪ್ಪು-ಕೆಂಪು ಬಟ್ಟೆ ಸುತ್ತಿಕೊಂಡು ಬಂದಿದ್ದಳು. ಅವಳ ಊರಿನಲ್ಲಿ ಸಾವಿಗೆ ಉಡುವುದು ಅದನ್ನೇ. ಅವಳು ಇಂಗ್ಲಿಷಿನಲ್ಲಿ, ಅವಸರವಿಲ್ಲದೆ ಮಾತಾಡಿದಳು. ನಮ್ಮ ಅಜ್ಜಂದಿರ ಮಾತನ್ನು ನಮಗೆ ಪಾಠ ಮಾಡಲು ಇಂಡಿಯಾದವನೊಬ್ಬ ನ್ಯೂಜೆರ್ಸಿಯಲ್ಲಿ ನಿಂತಿದ್ದಾನಲ್ಲ ಎಂದು ಮೊದಲ ದಿನ ಸಿಟ್ಟು ಬಂದಿತ್ತು, ಅಂದಳು. ಆಮೇಲೆ ಮುದುಕಿಯ ಕತೆಯನ್ನು ಹೇಳಿದಳು. ಅವರು ಹೇಳುತ್ತಿದ್ದುದಕ್ಕಿಂತ ಚೆನ್ನಾಗಿ ಹೇಳಿದಳು. ಷೇರಿನ ಪಿಸುಮಾತು ನಿಂತಿತು.

ಕೊನೆಯಲ್ಲಿ ಅವಳು ಗಿರಿಜಾದೇವಿಯ ಕಡೆ ತಿರುಗಿದಳು. ಪ್ರೊಫೆಸರ್ ಮನೆಗೆ ಹೋಗಿ ಕೇಳಿ ಬರುತ್ತಿದ್ದ ಮುದುಕಿ ಇವರೇ ಇರಬೇಕೆಂದು ನಾವು ವಿದ್ಯಾರ್ಥಿಗಳು ನಗುತ್ತಿದ್ದೆವು, ಅಂದಳು.

ಜನ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಮುಖಗಳೆಲ್ಲ ಮುಂದಿನ ಸಾಲಿನ ಕಡೆ ಹೊರಳಿ, ಮರುಗುತ್ತ ಮುಗುಳ್ನಕ್ಕವು. ಗಿರಿಜಾದೇವಿ ಎದ್ದು ನಿಂತರು. ವಂದಿಸಲು ಎದ್ದರೆಂದು ಎಲ್ಲರೂ ತಿಳಿದರು.

"ಇಲ್ಲ," ಎಂದರು, ಇಂಗ್ಲಿಷಿನಲ್ಲೇ, ಅಬೆನಾಳಿಗೆ ಕೇಳುವಂತೆ. "ಅವರು ಒಂದು ದಿನವೂ ನನ್ನನ್ನು ಕೇಳಲಿಲ್ಲ."

ಚಪ್ಪಾಳೆ ತಟ್ಟಿದ ಕೈಗಳಿಗೆ ಎಲ್ಲಿ ಹೋಗಬೇಕೋ ತಿಳಿಯಲಿಲ್ಲ. ಗಿರಿಜಾದೇವಿ ಮಗನ ಕಡೆ ತಿರುಗಿದರು.

"ಶಶಿ, ಸುಡೂದು ಬ್ಯಾಡ. ಹೊರಗ ಅಷ್ಟು ನೆಲ ಬಿದ್ದೈತಿ, ನೋಡು."

*

ಈ ಬೇಸಿಗೆಯಲ್ಲಿ ಒಂದು ಭಾನುವಾರ ಬದರೀನಾಥ ಇಬ್ಬರು ಹುಡುಗರನ್ನು ಕರೆದುಕೊಂಡು ಮನೆಗೆ ಬಂದಿದ್ದ, ಚಂದ್ರಶೇಖರಪ್ಪನವರನ್ನು ಮಕ್ಕಳ ಸ್ಪರ್ಧೆಗೆ ತೀರ್ಪುಗಾರರಾಗಿ ಆಹ್ವಾನಿಸಲು. ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗರು. ಅವರಲ್ಲೊಬ್ಬ ಕಪಾಟಿನ ಪುಸ್ತಕಗಳ ಬೆನ್ನು ಓದಿ ಕೇಳಿದ, "ಆಫ್ರಿಕಾದಲ್ಲಿ ಗವರ್ನೆನ್ಸ್ ಇದ್ಯಾ ಅಂಕಲ್?" ಎಲ್ಲರೂ ನಕ್ಕರು. ಚಂದ್ರಶೇಖರಪ್ಪನವರೂ ನಕ್ಕು, ಮಂಡಕ್ಕಿಯ ತಟ್ಟೆಯನ್ನು ಅವನ ಕಡೆ ಸರಿಸಿದರು.

ಹುಡುಗರು ಹೋದ ಮೇಲೆ ಚಂದ್ರಶೇಖರಪ್ಪನವರ ಕೂಗಾಟ ಶುರುವಾಯಿತು. ಹುಡುಗರಿಂದ ಆರಂಭವಾದದ್ದು ವಿಶ್ವಬ್ಯಾಂಕಿನ ದೊಡ್ಡವರ ತನಕ ಹೋಯಿತು. ಅವರು ಒಂದು ಆಯುಷ್ಯ ಕೂತು ನೋಡಿದ ಹಳ್ಳಿಸಭೆಗಳಿಗೆ ಕಾನೂನಿನಲ್ಲಿ ಹೆಸರು ಬಂದಿತ್ತು, ಕೈಗೆ ಅಧಿಕಾರ ಬಂದಿರಲಿಲ್ಲ. ಅವರ ವರದಿಗಳನ್ನು ಕತ್ತರಿಸಿ, ತಾವು ಮೊದಲೇ ಅಂದುಕೊಂಡಿದ್ದಕ್ಕೆ ಪುರಾವೆಯಾಗಿ ಅಂಟಿಸಿಕೊಂಡವರಿದ್ದರು. ಪುಸ್ತಕಗಳು ಅಚ್ಚಿನಲ್ಲಿರಲಿಲ್ಲ. ನಿವೃತ್ತಿಯ ದಿನ ವಿಭಾಗದವರು ಕೊಟ್ಟ ಕೇಕಿನ ಮೇಲೆ ಅವರ ಹೆಸರಿನ ಕಾಗುಣಿತ ತಪ್ಪಿತ್ತು.

"ತೀರ್ಮಾನ ಬ್ಯಾಗಿನಾಗ ಇಟ್ಕೊಂಡ ವಿಮಾನ ಇಳೀತಾರ," ಎಂದು ಅವರು ಮುಷ್ಟಿಯಿಂದ ಮೇಜು ಗುದ್ದಿದರು. "ಆಮ್ಯಾಲೆ ಸಭಾ ಕರೀತಾರ, ನೀವೆಲ್ಲಾ ಏನಂತೀರಿ ಅಂತ. ಸೂಳೇಮಕ್ಕಳು."

ಗಿರಿಜಾದೇವಿ ಬೀನ್ಸಿನ ನಾರು ಬಿಡಿಸುತ್ತಿದ್ದರು. ಟಿಕೆಟ್ ಆಗ್ಯಾವ, ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು. ಗಂಡನ ಮುಖ ಅಷ್ಟು ಕೆಂಪಾಗಿತ್ತು. ಎದೆಗೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದರು.

*

ಚಾಪೆಲಿನ ಪಕ್ಕದ ಕೋಣೆಯಲ್ಲಿ ಗಂಡಸರು ಸೇರಿದರು. ಗಿರಿಜಾದೇವಿ ಒಳಗೆ ಹೋದಾಗ ಯಾರೋ ಕುರ್ಚಿ ಕೊಟ್ಟರು, ನೀರು ಕೊಟ್ಟರು, ಮಾತು ಮಾತ್ರ ತಮ್ಮ ತಮ್ಮಲ್ಲೇ ಮುಂದುವರಿಸಿದರು. ಜಾಗ ಕೊಳ್ಳಬೇಕಾಗುತ್ತೆ, ಕಾಂಕ್ರೀಟಿನ ಪೆಟ್ಟಿಗೆ ಬೇಕಾಗುತ್ತೆ, ಆಂಟಿ ಶಾಕ್‌ನಲ್ಲಿದ್ದಾರೆ, ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗ್ತಾರೆ. ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿನಿಂದ ತರಿಸಿದ ಪುಳಿಯೋಗರೆ ವ್ಯಾನಿನಲ್ಲಿ ಆರುತ್ತಿದೆ.

ಶಶಿ ತಾಯಿಯ ಮುಂದೆ ಮಂಡಿಯೂರಿ ಕೂತ. ಅವನ ಕಣ್ಣುಗಳು ಊದಿದ್ದವು.

"ಅಮ್ಮ, ನಾನು ಡಿಸೈಡ್ ಮಾಡಿದ್ದಲ್ಲ. ಅಪ್ಪನೇ ಹೇಳಿದ್ರು, ಐಸಿಯುನಲ್ಲಿ. ಬರ್ನ್ ಮಿ, ಇಟ್ಸ್ ಸಿಂಪ್ಲರ್ ಅಂದ್ರು. ನಿಮಗೆ ತ್ರಾಸು ಆಗಬಾರದು ಅಂದ್ರು."

"ಯಾವಾಗ?"

"ಲಾಸ್ಟ್ ಡೇ."

"ನಾ ಅಲ್ಲೇ ಇದ್ನೆಲ್ಲೋ."

"ನೀವು ನಮಗೆ ಕಾಫಿ ತರೋಕೆ ಹೋಗಿದ್ರಿ."

ಆ ಕಾಫಿ ಅವರಿಗೆ ನೆನಪಿತ್ತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಾಲು ಉದ್ದವಿತ್ತು. ಎರಡೂ ಕೈಯಲ್ಲಿ ಲೋಟ ಹಿಡಿದು, ಬಾಗಿಲನ್ನು ಬೆನ್ನಿನಿಂದ ನೂಕಿಕೊಂಡು ಬಂದಾಗ ಅಪ್ಪ-ಮಗ ಇಬ್ಬರೂ ಸುಮ್ಮನಾಗಿದ್ದರು. ಗಂಡ ಅವರನ್ನು ನೋಡಿ ನಕ್ಕಿದ್ದರು. ಆ ನಗುವನ್ನು ಅವರು ಎರಡು ದಿನದಿಂದ ಎದೆಯಲ್ಲಿಟ್ಟುಕೊಂಡು ಓಡಾಡಿದ್ದರು. ಈಗ ಅದು ಏನೆಂದು ತಿಳಿಯಿತು. ಟಿಕೆಟ್ ಆದ ದಿನದ ನಗು.

ಬದರೀನಾಥ ಗಂಟಲು ಸರಿಮಾಡಿಕೊಂಡ. "ಆಂಟಿ, ಅಂಕಲ್ ವಿಶ್ ಅಂತ ಒಂದಿರತ್ತಲ್ವಾ. ಬೇಕಾದ್ರೆ ಎಲ್ರೂ ಕೂತು ಒಂದ್ಸಲ ಡಿಸ್ಕಸ್ ಮಾಡೋಣ. ನೀವೂ ಹೇಳಿ."

"ತೀರ್ಮಾನ ಬ್ಯಾಗಿನಾಗ ಇಟ್ಕೊಂಡ ಬಂದು ಸಭಾ ಕರೀತೀರಿ," ಎಂದರು ಗಿರಿಜಾದೇವಿ. ದನಿ ಏರಲಿಲ್ಲ. "ಇದನ್ನ ಬೈಕೋಂತನ ಸತ್ತ ಈ ಮನಷ್ಯಾ. ಸಾಯೂ ಮುಂದ ತಾನೂ ಅದನ್ನ ಮಾಡಿದ."

"ಅಮ್ಮ, ಹಿ ವಾಸ್ ಥಿಂಕಿಂಗ್ ಆಫ್ ಯು."

"ಮಾಡ್ಲಿ. ಸಾಯೂದು ಅವರ ಕೆಲಸ ಇತ್ತು, ಮುಗಿಸಿದ್ರು. ಮಣ್ಣ ಮಾಡೂದು ನನ್ನ ಕೆಲಸ. ಅದರಾಗ ಅವರದೂ ಮಾತಿಲ್ಲ, ನಿಂದೂ ಇಲ್ಲ."

ಎದ್ದು ಹೊರಗೆ ಹೋಗಿ ಸ್ಮಶಾನದ ಮ್ಯಾನೇಜರನನ್ನು ಹುಡುಕಿದರು. ಅವನು ಬೂದು ಸೂಟಿನ, ಭಾರೀ ಮೈಯ ಮನುಷ್ಯ. ತನ್ನ ಪುಟ್ಟ ಆಫೀಸಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ನಾಚಿ ಅದನ್ನು ಡ್ರಾಯರಿಗೆ ಸೇರಿಸಿದ. ಸತ್ತವನನ್ನು ಏನು ಮಾಡಬೇಕೆಂದು ಹೇಳುವವರು ಯಾರು ಎಂದು ಅವರು ಕೇಳಿದರು. ಸತ್ತವರು ತಾವೇ ಬರೆದಿಟ್ಟಿರದಿದ್ದರೆ ಹೆಂಡತಿ, ಎಂದ ಅವನು. ಬರೆದಿಟ್ಟಿರಲಿಲ್ಲ. ಮುಸ್ಲಿಮರದು ಯಾವಾಗಲೂ ಅದೇ ದಿನ ಆಗುತ್ತೆ, ಮಧ್ಯಾಹ್ನದೊಳಗೆ ತೋಡಿಸಬಲ್ಲೆ, ಎಂದೂ ಹೇಳಿದ. ನಿಮಗೆ ಬೇರೆ ಇಷ್ಟವಿದೆ ಅಂತ ಯಾರೂ ನನಗೆ ಹೇಳಲಿಲ್ಲ ಮೇಡಂ.

ಜನ ಪುಳಿಯೋಗರೆ ತಿಂದು ಕರಗಿದರು. ಟ್ರಾಫಿಕ್ಕು, ಮಕ್ಕಳ ಈಜು ಕ್ಲಾಸು, ಆಫೀಸು. ಕೆಲವರು ಅವರ ಕೈ ಹಿಡಿದರು, ಕೆಲವರು ಕಣ್ಣು ತಪ್ಪಿಸಿದರು. ಉಳಿದವರು ಶಶಿ, ಕಮಲವ್ವ, ಅಬೆನಾ. ಬದರೀನಾಥನೂ ಉಳಿದ. ಪೆಟ್ಟಿಗೆಯನ್ನು ಕಾರಿನಲ್ಲಿಟ್ಟು, ಪೇಜರನ್ನು ಆರಿಸಿ, ದೂರದಲ್ಲಿ ಕೈಕಟ್ಟಿ ನಿಂತ.

ಮುಚ್ಚಳ ಹಾಕುವ ಮೊದಲು ಗಿರಿಜಾದೇವಿ ಗಂಡನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಲಿಂಗ ಇಡಲು ಎಡಗೈ ಬಿಚ್ಚಬೇಕಿತ್ತು. ಬೆರಳುಗಳು ಸೆಟೆದು ಮಡಚಿಕೊಂಡಿದ್ದವು. ಕೊಟ್ಟದ್ದನ್ನು ತಗೊಳ್ಳೂದು ಈಗೂ ಗೊತ್ತಿಲ್ಲ ನಿಮಗ, ಎಂದು ಅವರಿಗಷ್ಟೇ ಕೇಳುವಂತೆ ಬೈದರು. ಒಂದೊಂದೇ ಬೆರಳನ್ನು, ಬೀನ್ಸಿನ ನಾರು ಬಿಡಿಸಿದಂತೆ, ಬಿಡಿಸಿದರು. ಕಲ್ಲು ಅಂಗೈಯಲ್ಲಿ ಕೂತಿತು. ಬೆರಳುಗಳು ತಾವಾಗಿಯೇ ಅದರ ಮೇಲೆ ಮುಚ್ಚಿಕೊಂಡವು. ಗಿರಿಜಾದೇವಿಗೆ ಅಳು ಬಂದದ್ದು ಆಗ, ಅದೂ ಸಿಟ್ಟಿನ ಒಳಗಿಂದಲೇ.

ಹುಲ್ಲಿನ ಕೆಳಗಿನ ನೆಲ ಕೆಂಪಗಿತ್ತು. ಯಂತ್ರದ ಹಲ್ಲು ಅಗೆದು ಹಾಕಿದ ಪ್ರತಿ ಬುಟ್ಟಿ ಮಣ್ಣೂ ಜಾಜಿನ ರಾಶಿಯಂತೆ ಹೊರಬಿದ್ದಿತ್ತು. ಇಷ್ಟು ವರ್ಷ ಇದರ ಮೇಲೆ ಮನೆ ಕಟ್ಟಿಕೊಂಡಿದ್ದರೂ ಅವರಿಗೆ ಗೊತ್ತಿರಲಿಲ್ಲ. ನ್ಯೂಜೆರ್ಸಿ ಅಂದರೆ ಅವರಿಗೆ ಹುಲ್ಲು, ಡಾಂಬರು, ಹಿಮ. ಅಬೆನಾ ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿಮಾಡಿ, ನಮ್ಮೂರಿನ ಹಾಗೇ ಇದೆ, ಎಂದಳು. ನವೆಂಬರಿನ ಮಳೆ ಹಿಂದಿನ ದಿನವಷ್ಟೇ ಬಿದ್ದಿತ್ತು. ಗಿರಿಜಾದೇವಿ ಅಂಚಿಗೆ ಹೋಗಿ ನಿಂತು, ಕೂಲಿಯವರು ಕಾಯುತ್ತಿದ್ದರೂ ಬಿಡದೆ, ಹಿಡಿ ಹಿಡಿಯಾಗಿ ಮಣ್ಣು ಹಾಕಿದರು. ಬೂಟು ಹಾಕಿದ ಕಾಲು ಕೆಸರಿನಲ್ಲಿ ಹೂತುಹೋಗುತ್ತಿತ್ತು.

*

ಕೆಂಡಲ್ ಪಾರ್ಕಿನ ಮನೆಯ ಬಾಗಿಲಲ್ಲಿ ಶಶಿ ಎಂದಿನಂತೆ ಬೂಟು ಕಳಚಿದ. ಕಮಲವ್ವ ಚಪ್ಪಲಿ ಕಳಚಿ ಗೋಡೆಗೆ ಒರಗಿಸಿದಳು.

"ಗಿರಿಜಕ್ಕಾ, ಕಾಲಾಗ ಬೂಟು ಹಂಗ ಅದಾವ. ಎಲ್ಲಾ ರಾಡಿ."

ಗಿರಿಜಾದೇವಿ ಒಳಗೆ ನಡೆದರು. ಕೆನೆಬಣ್ಣದ ಕಾರ್ಪೆಟ್ಟಿನ ಮೇಲೆ ಮೊದಲ ಹೆಜ್ಜೆ ಪೂರ್ತಿ ಮೂಡಿತು, ಬೂಟಿನ ಹಿಮ್ಮಡಿ, ಅಟ್ಟೆ, ತುದಿ. ಸೋಫಾ ದಾಟಿ, ಪುಸ್ತಕದ ಕಪಾಟು ದಾಟಿ ಊಟದ ಮೇಜಿಗೆ ಬಂದರು. ಅವರು ಕೂರುತ್ತಿದ್ದುದು ಅಡುಗೆಮನೆಗೆ ಹತ್ತಿರದ ಕುರ್ಚಿಯಲ್ಲಿ. ಅದನ್ನು ಬಿಟ್ಟು ಮೇಜಿನ ತಲೆಯಲ್ಲಿದ್ದ ಕುರ್ಚಿ ಎಳೆದು ಕೂತರು.

ಶಶಿ ಬರಿಯ ಸಾಕ್ಸಿನಲ್ಲಿ ಬಾಗಿಲಲ್ಲೇ ನಿಂತಿದ್ದ. ತಾಯಿಯ ತನಕ ಹೋದ ಕೆಂಪು ಹೆಜ್ಜೆಗಳ ಸಾಲನ್ನೂ, ತನ್ನ ಬಿಳಿ ಸಾಕ್ಸನ್ನೂ ನೋಡಿದ.

"ಅಮ್ಮ," ಎಂದ. "ಈಗ ಏನು ಮಾಡೋಣ?"

ಗಿರಿಜಾದೇವಿ ಕುರ್ಚಿಗೆ ಬೆನ್ನು ಕೊಟ್ಟರು. ಮೇಜಿನ ಕೆಳಗೆ ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿದರು. ಒಣಗತೊಡಗಿದ್ದ ಮಣ್ಣಿನ ಹೆಕ್ಕಳೆಯೊಂದು ಬೂಟಿನ ಅಂಚಿನಿಂದ ಬಿಟ್ಟುಕೊಂಡು ಕಾರ್ಪೆಟ್ಟಿನ ಮೇಲೆ ಬಿತ್ತು.